ಕುದುರೆ ಹಿಡಿದವರ ಹೆಸರು

ಕಳೆದ ತಿಂಗಳು ನಮ್ಮ ಹಳೆಯ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹಿಮಾಯತ್‌ನಗರದ ನಮ್ಮ ಮನೆಗೆ ಬಂದಿದ್ದರು. ವೆಟರ್ನರಿ ಓದಿದವರು, ಚುರುಕು. ಚಹಾ ಕುಡಿದು, ಉಸ್ಮಾನಿಯಾ ಬಿಸ್ಕಿಟ್ ಮುಗಿಸಿ, ಕೊನೆಗೆ ಒಬ್ಬಳು ಬ್ಯಾಗಿನಿಂದ ಒಂದು ಫಾರ್ಮ್ ತೆಗೆದಳು. ರೇಸ್ ಕುದುರೆಯ ರಕ್ತ ತೆಗೆಯುವಾಗ ತುಂಬುವ ಫಾರ್ಮ್.

"ಮೇಡಂ, ಕುದುರೆಯ ಹೆಸರು, ವಯಸ್ಸು, ಸಮಯ ಎಲ್ಲ ಓಕೆ. ಈ ನಾಲ್ಕನೇ ಕಾಲಂ ಯಾಕೆ? 'ಕುದುರೆ ಹಿಡಿದವರ ಹೆಸರು.' ಇದನ್ನು ಬರೆಯದಿದ್ದರೆ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲ. ಯಾರನ್ನು ಕೇಳಿದರೂ ನಿಮ್ಮನ್ನು ಕೇಳಿ ಅಂತಾರೆ."

ಆ ಕಾಲಂ ಹಾಕಿಸಿದವಳು ನಾನೇ. ಎರಡು ಮಾತಿನಲ್ಲಿ ಹೇಳಿಬಿಡೋಣವೆಂದು ಶುರುಮಾಡಿದೆ, ಆಗಲಿಲ್ಲ. ಅವರಿಗೆ ಬಸ್ಸಿನ ಹೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಅಪ್ಪ ಗುಲ್ಬರ್ಗದ ಕಡೆಯವರು. ನಿಜಾಮರ ಕಾಲದಲ್ಲಿ ನೌಕರಿಗೆಂದು ಹೈದರಾಬಾದಿಗೆ ಬಂದವರು, ರಾಜ್ಯ ಬದಲಾದರೂ ಇಲ್ಲೇ ಉಳಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ-ತೆಲುಗು, ಶಾಲೆಯಲ್ಲಿ ಓನ್ಲಿ ಇಂಗ್ಲಿಷ್. ಸಿಸ್ಟರುಗಳು ನಮಗೆ ಕಲಿಸಿದ್ದು ಮೂರು: ಮೊಣಕಾಲು ಜೋಡಿಸಿ ಕೂರಬೇಕು, ಪ್ಲೀಸ್ ಅನ್ನಬೇಕು, ಹೆಣ್ಣುಮಕ್ಕಳು ಎಂದೂ ಸೀಟಿ ಹೊಡೆಯಬಾರದು. ಮೊದಲೆರಡು ನನಗೆ ಕೆಲಸದಲ್ಲಿ ಎಲ್ಲೂ ಉಪಯೋಗಕ್ಕೆ ಬರಲಿಲ್ಲ. ಮೂರನೆಯದನ್ನು ಮೊದಲ ವಾರವೇ ಮುರಿಯಬೇಕಾಯಿತು.

ಎಂ.ಎಸ್ಸಿ. ಮುಗಿಸಿದ ವರ್ಷ ಪೇಪರಿನಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದೆ. ರೇಸ್ ಕುದುರೆಗಳ ಆರೋಗ್ಯ ಮತ್ತು ಓಟದ ಮೇಲೆ ಸಂಶೋಧನೆ, ಸಹಾಯಕರು ಬೇಕು. ವಿಭಾಗದ ಮುಖ್ಯಸ್ಥರು ಜೋಶಿ ಸರ್, ಧಾರವಾಡದ ಕಡೆಯವರು. ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಶರೀರಶಾಸ್ತ್ರ ಕೇಳಿದ ಮೇಲೆ ಕನ್ನಡಕ್ಕೆ ಇಳಿದರು.

"ಕುದ್ರಿ ಕಂಡ್ರ ಅಂಜಿಕಿ ಅದ ಏನವಾ?"

"ಇಲ್ಲ ಸರ್. ಹತ್ತಿರದಿಂದ ಇನ್ನೂ ಒಂದನ್ನೂ ನೋಡಿಲ್ಲ."

"ಚಲೋ ಆತು," ಎಂದರು. "ಅಂಜಲಿಕ್ಕೆ ಇನ್ನೂ ಕಾರಣ ಸಿಕ್ಕಿಲ್ಲ ನಿನಗ."

ಆ ಕಾಲದಲ್ಲಿ ಕುದುರೆ ಎಂದರೆ ಜೂಜು ಎಂದೇ ಜನರ ತಿಳಿವಳಿಕೆ. ಅವ್ವ ನೆರೆಯವರಿಗೆ "ನಮ್ಮ ವತ್ಸಲಾ ಲ್ಯಾಬೊರೇಟರಿಯೊಳಗ ಇದ್ದಾಳ" ಎಂದಷ್ಟೇ ಹೇಳುತ್ತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ನಾನು ಮನೆಗೆ ಬಂದರೆ ಬಾಗಿಲಲ್ಲೇ ತಡೆಯುತ್ತಿದ್ದಳು: "ಏ, ಅಲ್ಲೇ ನಿಂದ್ರು. ಲಾಯದ ವಾಸನಿ. ನೇರ ಬಚ್ಚಲಕ್ಕ ನಡಿ!"

ಯಾವ ಕುದುರೆ ಗೆಲ್ಲುತ್ತದೆ ಎಂಬುದು ನಮ್ಮ ಕೆಲಸವಲ್ಲ. ಗೆದ್ದ ಕುದುರೆ ಮರುದಿನ ಮೇವು ತಿಂದಿತೇ, ಜೋರಾಗಿ ಓಡಿದ ಮೇಲೆ ಕೆಲವಕ್ಕೆ ಮೂಗಿನಲ್ಲಿ ರಕ್ತ ಬರುವುದೇಕೆ, ಎರಡು ವರ್ಷದ ಮರಿಯ ಕಾಲಿನ ಮೂಳೆ ಎಷ್ಟು ಓಟ ತಡೆಯುತ್ತದೆ, ಇವು ನಮ್ಮ ಪ್ರಶ್ನೆಗಳು. ಬೆಳಗಿನ ಐದಕ್ಕೆ ಕುದುರೆಗಳು ಟ್ರ್ಯಾಕಿಗೆ ಹೋಗುವ ಮೊದಲು ಲಾಯದಲ್ಲಿರಬೇಕು. ಎಂಟರ ಹೊತ್ತಿಗೆ ಮುಗಿಯಬೇಕು. ಮನೆಗೆ ಹೋಗಿ ಮಿಂದು ಬಂದರೆ ಉಳಿದ ದಿನವೆಲ್ಲ ಲ್ಯಾಬಿನಲ್ಲಿ ನಳಿಕೆ, ಮೈಕ್ರೋಸ್ಕೋಪು, ನೋಟ್‌ಬುಕ್ಕು.

ಮೊದಲ ವಾರ ನನಗೆ ಕೊಟ್ಟ ಕೆಲಸ ಮೂತ್ರದ ಸ್ಯಾಂಪಲ್. ಉದ್ದ ಕೋಲಿನ ತುದಿಗೆ ಕಟ್ಟಿದ ಡಬ್ಬಿ ಹಿಡಿದು ಒಂದು ಹೆಣ್ಣುಕುದುರೆಯ ಹಿಂದೆ ಒಂದೂವರೆ ಗಂಟೆ ನಿಂತೆ. ಅದು ಕಾಲು ಬದಲಿಸಿತು, ಹುಲ್ಲು ಎಳೆಯಿತು, ನನ್ನನ್ನು ತಿರುಗಿ ನೋಡಿತು, ಅಷ್ಟೇ. ಅದನ್ನು ನೋಡಿಕೊಳ್ಳುವ ಸೈಸ್ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಬೀದರಿನ ಕಡೆಯವನು, ಮೌಲಾಸಾಬ್, ಮೆಹಂದಿ ಹಚ್ಚಿದ ಗಡ್ಡ. ನಾನು ಜೋಶಿ ಸರ್ ಜೊತೆ ಕನ್ನಡ ಮಾತಾಡಿದ್ದು ಅವನ ಕಿವಿಗೆ ಬಿದ್ದಿತ್ತು.

"ಬಾಯಾರ, ಹಿಂಗ ನಿಂತ್ರ ಸಂಜೀತನಕ ನಿಂದರ್ತೀರಿ. ಸೀಟಿ ಹೊಡೀರಿ."

"ಏನು?"

"ಸೀಟಿ ರೀ. ಮರಿ ಇದ್ದಾಗಿಂದ ಸೀಟಿ ಕೇಳಿದ್ರನ ಹೊಯ್ಯೂದು ಕಲಿಸಿರ್ತೀವಿ. ಮೆತ್ತಗ, ಉದ್ದಕ."

"ನನಗೆ ಬರೂದಿಲ್ಲ ಮೌಲಾಸಾಬ್ರ."

"ಇಂಗ್ಲಿಷ್ ಸಾಲಿಯಾಗ ಇದನ್ನ ಕಲಸಲಿಲ್ಲೇನ್ರಿ ನಿಮಗ?" ಎಂದು ಬೀಡಿ ಆರಿಸಿ, ತುಟಿ ಮುಂದೆ ಮಾಡಿ ಸಣ್ಣಗೆ ಸೀಟಿ ಊದಿದ. ಡಬ್ಬಿ ತುಂಬಿ ನನ್ನ ಸೀರೆಯ ಮೇಲೂ ಬಿತ್ತು.

ಹದಿನೈದು ದಿನದಲ್ಲಿ ನಾನೂ ಕಲಿತೆ. ಒಮ್ಮೆ ಪಡಸಾಲೆಯಲ್ಲಿ ಗೊತ್ತಿಲ್ಲದೆ ಊದಿದಾಗ ಅವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು.

ಪೆದ್ದುತನಗಳಿಗೆ ಲೆಕ್ಕವಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಕುದುರೆಯ ಹೃದಯದ ಬಡಿತ ದಾಖಲಿಸಲು ಸನತ್‌ನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಿತ್ತಾಳೆ ಬಿಲ್ಲೆ ಕೂರಿಸಿದ ರಬ್ಬರ್ ಪಟ್ಟಿ ಮಾಡಿಸಿದ್ದೆವು. ಮೊದಲ ದಿನವೇ ಕಾಗದದ ಮೇಲೆ ಎಷ್ಟು ಚೆಂದದ ಅಲೆಗಳು! ಒಂದರಂತೆ ಒಂದು. ಜೋಶಿ ಸರ್ "ಬ್ಯೂಟಿಫುಲ್" ಎಂದು ಮೂರು ಸಲ ಅಂದರು. ನಾನು ಪಟ್ಟಿ ಬಿಚ್ಚಿ ಕುದುರೆಯನ್ನು ಹೊರಗೆ ಕಳಿಸಿದೆ. ಅಲೆಗಳು ಬರುತ್ತಲೇ ಇದ್ದವು. ನಾವು ದಾಖಲಿಸಿದ್ದು ಗೋಡೆಯಾಚೆ ಓಡುತ್ತಿದ್ದ ನೀರಿನ ಪಂಪಿನ ಕರೆಂಟನ್ನು. ಇಡೀ ವರ್ಷ ನಮ್ಮಲ್ಲಿ ಯಾರಾದರೂ ತುಂಬ ಖುಷಿಯಾದರೆ ಉಳಿದವರು "ಪಂಪು ಬಂದ್ ಮಾಡಿ ನೋಡ್ರಿ" ಅನ್ನುತ್ತಿದ್ದರು. ಆ ಮಾತನ್ನು ನಾನು ಸೀರಿಯಸ್ಸಾಗಿ ತೆಗೆದುಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಜೋಶಿ ಸರ್ ಅವರ ದೊಡ್ಡ ಕೆಲಸ ರಕ್ತದ ಮೇಲೆ. ರಕ್ತವನ್ನು ತೆಳು ಗಾಜಿನ ನಳಿಕೆಗೆ ತುಂಬಿ ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೆಂಪು ಕಣಗಳು ಕೆಳಗೆ ಕೂರುತ್ತವೆ, ಮೇಲೆ ಹಳದಿ ನೀರು ಉಳಿಯುತ್ತದೆ. ಕೆಂಪು ಎಷ್ಟು ಎತ್ತರ ನಿಂತಿದೆ ಎಂದು ಅಳೆಯುವುದು. ವಿಶ್ರಾಂತಿಯಲ್ಲಿರುವ ಕುದುರೆಯಲ್ಲಿ ಕೆಂಪು ಎಷ್ಟಿರುತ್ತದೆ, ಅದಕ್ಕೂ ಓಟಕ್ಕೂ ಏನು ಸಂಬಂಧ, ಇದು ಪ್ರಶ್ನೆ. ವಿಶ್ರಾಂತಿ ಎಂದರೆ ಏನೆಂದು ನಾವು ತಲೆಕೆಡಿಸಿಕೊಳ್ಳಲಿಲ್ಲ. ತನ್ನ ಲಾಯದಲ್ಲಿ, ಬೆಳಗಿನ ಓಟಕ್ಕೆ ಮೊದಲು ನಿಂತಿರುವ ಕುದುರೆ ವಿಶ್ರಾಂತಿಯಲ್ಲಲ್ಲದೆ ಇನ್ನೆಲ್ಲಿರುತ್ತದೆ?

ಎರಡು ಸೀಸನ್ ರಕ್ತ ತೆಗೆದೆವು. ಹೆಚ್ಚಿನ ಕುದುರೆಗಳು ಬಿಳಿ ಕೋಟು ಕಂಡರೆ, ಸ್ಪಿರಿಟ್ಟಿನ ವಾಸನೆ ಬಂದರೆ ಗೋಡೆಗೆ ಒತ್ತಿಕೊಳ್ಳುತ್ತಿದ್ದವು. ಆಗ ಮೇಲ್ತುಟಿಗೆ ಹಗ್ಗದ ಕುಣಿಕೆ ಹಾಕಿ ಕೋಲಿನಿಂದ ತಿರುಚಿ ಹಿಡಿಯುವುದು ರೂಢಿ. ಅಷ್ಟು ಹಿಡಿದರೆ ಕುದುರೆ ಅಲುಗಾಡದೆ ನಿಲ್ಲುತ್ತದೆ. ಅಲುಗಾಡದಿರುವುದನ್ನೇ ನಾವು ವಿಶ್ರಾಂತಿ ಎಂದು ಬರೆದುಕೊಂಡೆವು.

ಮೌಲಾಸಾಬ್ ಮಾತ್ರ ಕುಣಿಕೆಯನ್ನು ಹತ್ತಿರ ತರಗೊಡುತ್ತಿರಲಿಲ್ಲ. ಅವನ ಕೈಯಲ್ಲಿ ಎರಡು ಕುದುರೆ. ಒಂದು ಗಂಡು. ಇನ್ನೊಂದು ನನ್ನ ಸೀರೆ ಕೆಡಿಸಿದ ಹೆಣ್ಣುಕುದುರೆ. ರೇಸಿನ ಪುಸ್ತಕದಲ್ಲಿ ಅದರ ಹೆಸರು ಲೇಡಿ ಪೆಪ್ಪರ್, ಮೌಲಾಸಾಬನ ಬಾಯಲ್ಲಿ ಮುನ್ನಿ.

"ಮಾರಿ ತಿರುವೂದು ಬ್ಯಾಡ್ರಿ ಬಾಯಾರ. ಹೆಣ್ಣುಮಗಳು ಅದಾಳ. ಹೇಳಿದ್ರ ಕೇಳ್ತಾಳ." ಹಾಗೆಂದು ತನ್ನ ಹಣೆಯನ್ನು ಅದರ ಹಣೆಗೆ ಹಚ್ಚಿ ನಿಂತು, ನಿನ್ನೆ ಮಾರ್ಕೆಟ್ಟಿನಲ್ಲಿ ಏನಾಯಿತು, ಹೆಂಡತಿ ಏನಂದಳು ಎಂದು ಅದಕ್ಕೆ ವರದಿ ಒಪ್ಪಿಸುತ್ತಿದ್ದ. ನಾನು ಸೂಜಿ ಚುಚ್ಚಿ ತೆಗೆದರೂ ಮುನ್ನಿಯ ಕಿವಿ ಅವನ ಕಡೆಗೇ ಇರುತ್ತಿತ್ತು.

ಬಹುತೇಕ ಕುದುರೆಗಳ ನಳಿಕೆಯಲ್ಲಿ ಕೆಂಪು ಅರ್ಧದಷ್ಟಿದ್ದರೆ ಲೇಡಿ ಪೆಪ್ಪರ್‌ನದು ಪ್ರತಿ ಸಲ ಮೂರನೇ ಒಂದು ಭಾಗ ಮಾತ್ರ. ಆ ಸೀಸನ್ ಅದು ಒಂದು ರೇಸನ್ನೂ ಗೆದ್ದಿರಲಿಲ್ಲ. ನಾನು ಕೆಂಪು ಪೆನ್ಸಿಲ್ಲಿನಿಂದ ಸುತ್ತುಹಾಕಿ ಪಕ್ಕದಲ್ಲಿ "ಅನೀಮಿಕ್" ಎಂದು ಬರೆದೆ. ರಕ್ತಹೀನತೆ. ಬರೆದ ಕೈ ಇದೇ, ಈಗ ಬರೆಯುತ್ತಿರುವುದು.

ಆ ಲಾಯದ ಟ್ರೇನರ್ ಸೈನ್ಯದಿಂದ ನಿವೃತ್ತರಾದವರು, ಎಲ್ಲರೂ ಮೇಜರ್ ಸಾಹೇಬ್ ಎನ್ನುತ್ತಿದ್ದರು. ರಿಪೋರ್ಟ್ ನೋಡಿ ಕಾರಣ ಕೇಳಿದರು. ಹೊಟ್ಟೆಯ ಹುಳು ಇರಬಹುದು, ಮೇವು ಸಾಲದಿರಬಹುದು ಎಂದರು ಜೋಶಿ ಸರ್. ಹುಳು ಇರಲಿಲ್ಲ. ಉಳಿದದ್ದು ಮೇವು. ಮೇವು ಹಾಕುವವನು ಒಬ್ಬನೇ. ಅವನ ಮನೆಯಲ್ಲಿ ಎರಡು ಆಡು ಇದ್ದವು, ದಪ್ಪಗಿದ್ದವು. ಕುದುರೆಯ ಓಟ್ಸ್ ಆಡಿನ ಹೊಟ್ಟೆ ಸೇರುತ್ತಿದೆ ಎಂದು ಲಾಯದಲ್ಲಿ ಮಾತು ಹುಟ್ಟಿ ಎರಡೇ ದಿನದಲ್ಲಿ ಮೌಲಾಸಾಬನಿಗೆ ಒಳಗೆ ಕಾಲಿಡಬೇಡ ಎಂದಾಯಿತು. ಮುನ್ನಿಯನ್ನು ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವನೊಬ್ಬ ಬಂದು ನೋಡಿಕೊಂಡು ಹೋದ.

ಮೌಲಾಸಾಬ್ ನಮ್ಮ ಲ್ಯಾಬಿನ ಗೇಟಿಗೆ ಬಂದ. ಮಧ್ಯಾಹ್ನದ ಬಿಸಿಲು. ವಾಚ್‌ಮನ್ ಒಳಗೆ ಬಿಟ್ಟಿರಲಿಲ್ಲ, ಬೇವಿನ ಮರದ ಕೆಳಗೆ ನಿಂತಿದ್ದ.

"ಬಾಯಾರ, ನನ್ನ ಮ್ಯಾಲ ಕಳ್ಳತನದ ಮಾತು ಬಂದೈತಿ. ನಿಮ್ಮ ಕಾಗದದಾಗ ಬರದೈತಂತ."

"ಕಾಗದದಾಗ ನಿಮ್ಮ ಹೆಸರ ಇಲ್ಲ ಮೌಲಾಸಾಬ್ರ."

"ಅದನ್ನ ಕೇಳಾಕ ಬಂದೀನ್ರಿ. ಮುನ್ನಿ ಹೆಸರು ಐತಿ, ನಿಮ್ಮ ಹೆಸರು ಐತಿ, ದೊಡ್ಡ ಸಾಹೇಬರ ಹೆಸರು ಐತಿ. ದಿನಾ ಬಾಜೂಕ ನಾ ನಿಂತಿದ್ನಲ್ರಿ. ನಾ ಎಲ್ಲದೀನಿ ಅದರಾಗ?"

ನಾನು ಹೇಳಿದ ಉತ್ತರ ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. "ರಕ್ತ ಸುಳ್ಳು ಹೇಳೂದಿಲ್ಲ," ಅಂದೆ.

ಅವನು ಸಿಟ್ಟಾಗಲಿಲ್ಲ. "ಹಂಗಾರ ಇನ್ನೊಮ್ಮೆ ಕೇಳಿ ನೋಡ್ರಿ," ಎಂದು ಹೆಗಲ ಮೇಲಿನ ವಸ್ತ್ರ ತಲೆಗೆ ಸುತ್ತಿಕೊಂಡು ಹೋದ.

ಅವನನ್ನು ಕೆಲಸದಿಂದ ಬಿಡಿಸಿ ಒಂದು ವಾರವಾದ ಮೇಲೆ ಇನ್ನೊಮ್ಮೆ ರಕ್ತ ತೆಗೆಯಲು ಹೋದೆ. ಹೊಸ ಸೈಸ್ ಬಂದಿದ್ದ. ನನ್ನ ಕೋಟು ಕಂಡದ್ದೇ ಮುನ್ನಿ ಸುತ್ತು ತಿರುಗಿತು, ಕಣ್ಣಿನ ಬಿಳಿ ಕಾಣಿಸಿತು, ಕುತ್ತಿಗೆಯೆಲ್ಲ ಬೆವರು. ಮೂವರು ಸೇರಿ ಕುಣಿಕೆ ಹಾಕಿ ತಿರುಚಿದರು. ನಾನು ರಕ್ತ ತೆಗೆದೆ. ಯಂತ್ರ ಅಲ್ಲೇ ಟ್ರೇನರ್ ಆಫೀಸಿನಲ್ಲಿತ್ತು. ನಳಿಕೆ ಹೊರತೆಗೆದರೆ ಕೆಂಪು ಅರ್ಧ ದಾಟಿ ನಿಂತಿದೆ!

ಮೇಜರ್ ಸಾಹೇಬರು ನಳಿಕೆಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ನಕ್ಕರು. "ದೇಖೋ! ಚೋರ್ ಗಯಾ, ಖೂನ್ ಆಯಾ!" ಕಳ್ಳ ಹೋದ, ರಕ್ತ ಬಂತು. ಸುತ್ತ ನಿಂತವರೂ ನಕ್ಕರು. ಸತ್ಯ ಹೇಳುತ್ತೇನೆ, ನನಗೂ ಒಳಗೊಳಗೆ ಹಗುರಾಯಿತು. ನನ್ನ ಕೆಂಪು ಪೆನ್ಸಿಲ್ ಸರಿಯಾಗಿತ್ತಲ್ಲ.

ಬಸ್ಸಿನಲ್ಲಿ ನಳಿಕೆಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕೋಟಿನ ತೋಳಿಗೆ ಮುನ್ನಿಯ ಬೆವರು ಹತ್ತಿ ಇನ್ನೂ ಒದ್ದೆಯಾಗಿತ್ತು. ಅದನ್ನು ಒರೆಸುತ್ತಿರುವಾಗ ತಲೆಗೆ ಬಂತು: ಒಂದು ವಾರ! ಹೊಸ ಕೆಂಪು ಕಣಗಳು ಮೂಳೆಯೊಳಗೆ ತಯಾರಾಗಿ ಬರಬೇಕು. ಎಷ್ಟೇ ಓಟ್ಸ್ ತಿನ್ನಿಸಿದರೂ ಒಂದು ವಾರದಲ್ಲಿ ಇಷ್ಟು ಏರಲಾರದು. ಹಾಗಾದರೆ ಈ ರಕ್ತ ಎಲ್ಲಿಂದ ಬಂತು?

ಪರೀಕ್ಷೆಗೆಂದು ಅಡಿಗೆರೆ ಎಳೆದು ಓದಿದ ಸಾಲು ಆಗ ನೆನಪಾಯಿತು. ಕುದುರೆಯ ಗುಲ್ಮ, ಅಂದರೆ ಹೊಟ್ಟೆಯ ಎಡಬದಿಯಲ್ಲಿರುವ ಸ್ಪ್ಲೀನ್, ದೊಡ್ಡದು. ಕೆಂಪು ಕಣಗಳನ್ನು ಅದು ಉಗ್ರಾಣದಂತೆ ಕೂಡಿಟ್ಟಿರುತ್ತದೆ. ಕುದುರೆ ಓಡಿದಾಗ, ಇಲ್ಲವೇ ಹೆದರಿದಾಗ, ಹಿಂಡಿ ಹೊರಗೆ ಕಳಿಸುತ್ತದೆ. ಹೆದರಿದಾಗ! ನಿಮಿಷಗಳ ಮಾತು.

ಲ್ಯಾಬಿಗೆ ಹೋಗಿ ಎರಡು ಸೀಸನ್ನಿನ ನೋಟ್‌ಬುಕ್ ಹರವಿಕೊಂಡೆ. ಆ ಲಾಯದಲ್ಲಿ ಕಡಿಮೆ ಕೆಂಪಿನ ಕುದುರೆ ಒಂದಲ್ಲ, ಎರಡು. ಎರಡನೆಯದು ಮೌಲಾಸಾಬನ ಕೈಯಲ್ಲಿದ್ದ ಗಂಡು ಕುದುರೆ. ಅದು ಆ ಸೀಸನ್ನಿನಲ್ಲಿ ಎರಡು ಸಲ ಗೆದ್ದಿತ್ತು. ಗೆದ್ದ ಕುದುರೆಯ ಕಡಿಮೆ ಅಂಕಿಗೆ ನಾನು ಕೆಂಪು ಪೆನ್ಸಿಲ್ ಹಚ್ಚಿರಲಿಲ್ಲ. ಅಂದರೆ ನಮ್ಮ ಇಡೀ ಪುಸ್ತಕದಲ್ಲಿ ನಿಜಕ್ಕೂ ವಿಶ್ರಾಂತಿಯಲ್ಲಿದ್ದವು ಅವೆರಡೇ. ಉಳಿದವೆಲ್ಲ ಹೆದರಿದ ಕುದುರೆಗಳ ಲೆಕ್ಕ. ಆರೋಗ್ಯದಿಂದ ನಿಂತಿದ್ದ ಒಂದನ್ನು ಹಿಡಿದು ನಾನು ರೋಗಿ ಎಂದಿದ್ದೆ, ಅದನ್ನು ಸಮಾಧಾನವಾಗಿಟ್ಟವನನ್ನು ಕಳ್ಳನನ್ನಾಗಿ ಮಾಡಿದ್ದೆ.

ಜೋಶಿ ಸರ್ ಅವರ ಪ್ರಬಂಧ ಟೈಪಾಗಿ ಮೇಜಿನ ಮೇಲಿತ್ತು, ದಾರ ಹಾಕುವುದೊಂದು ಬಾಕಿ. ನಾನು ಹೇಳಿದ್ದನ್ನೆಲ್ಲ ಕನ್ನಡಕ ತೆಗೆದಿಟ್ಟು ಕೇಳಿದರು.

"ಎರಡು ಸೀಸನ್, ವತ್ಸಲಾ."

"ಹೌದು ಸರ್."

"ಮಷೀನ್ ಸರಿ ಅದ?"

"ಸರಿ ಅದ ಸರ್. ನಾವ ಸರಿ ಇಲ್ಲ."

ಟೈಪಾದ ಹಾಳೆಗಳನ್ನು ಬದಿಗೆ ಸರಿಸಿದರು. ಬೈಯುತ್ತಾರೆ ಅಂದುಕೊಂಡೆ. "ಮಾತು ಬ್ಯಾಡ," ಎಂದರು. "ಪಂಪು ಬಂದ್ ಮಾಡಿ ತೋರಸು."

ಮೇಜರ್ ಸಾಹೇಬರನ್ನು ಒಪ್ಪಿಸಿದ್ದು ಜೋಶಿ ಸರ್. ಮೆರವಣಿಗೆಯ ಕುದುರೆಯವನಿಗೆ ಎರಡು ದಿನ ತಡೆಯಲು ಮೇಜರ್ ಸಾಹೇಬರು ಹೇಳಿದರು. ಮೌಲಾಸಾಬನಿಗೆ ಹೇಳಿಕಳಿಸಿದೆವು. ಬರುತ್ತಾನೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಐದಕ್ಕೆ ಮುಂಚೆಯೇ ಬಂದು ಗೇಟಿನ ಹೊರಗೆ ಕೂತಿದ್ದ. ಮುನ್ನಿ ಅವನ ಹೆಜ್ಜೆ ಕೇಳಿಯೇ ಕೆನೆಯಿತು.

ಅವನು ಹಣೆಗೆ ಹಣೆ ಹಚ್ಚಿ ನಿಂತ. ವಾರದ ಸುದ್ದಿಯೆಲ್ಲ ಬಾಕಿಯಿತ್ತಲ್ಲ, ನಿಧಾನವಾಗಿ ಹೇಳಿದ. ನಾನು ಕೋಟು ಬಿಚ್ಚಿಟ್ಟು, ಬರೀ ಸೀರೆಯಲ್ಲಿ ಹೋಗಿ ಮೊದಲ ಸ್ಯಾಂಪಲ್ ತೆಗೆದೆ. ಆಮೇಲೆ ಅವನನ್ನು ಹೊರಗೆ ಕಳಿಸಿ, ಕೋಟು ಹಾಕಿಕೊಂಡು, ಹೊಸ ಸೈಸ್‌ನಿಂದ ಕುಣಿಕೆ ಹಾಕಿಸಿ ಎರಡನೆಯದು. ನಡುವೆ ಐದು ನಿಮಿಷವೂ ಇಲ್ಲ, ಒಂದು ಹಿಡಿ ಮೇವೂ ಇಲ್ಲ. ಹೊರಗಿನಿಂದ ಮೌಲಾಸಾಬ್ "ಸಾಕ್ರಿ ಬಾಯಾರ, ಸಾಕು, ನಡಗಾಕತ್ತಾಳ" ಎನ್ನುತ್ತಲೇ ಇದ್ದ.

ಎರಡು ನಳಿಕೆಗಳನ್ನು ಮೇಜರ್ ಸಾಹೇಬರ ಮುಂದೆ ಜೋಡಿಸಿಟ್ಟೆ. ಒಂದರಲ್ಲಿ ಕೆಂಪು ಮೂರನೇ ಒಂದು ಭಾಗ, ಇನ್ನೊಂದರಲ್ಲಿ ಅರ್ಧಕ್ಕೂ ಮೇಲೆ. ಅವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮೀಸೆ ಎಳೆದುಕೊಂಡರು.  ನಾನು ಇಂಗ್ಲಿಷಿನಲ್ಲಿ, ಕಾನ್ವೆಂಟಿನ ಪೂರ್ತಿ ವ್ಯಾಕರಣದೊಂದಿಗೆ, ತಪ್ಪು ನನ್ನದು ಎಂದೆ. ಮೇಜರ್ ಸಾಹೇಬರು ಬಾಗಿಲಿಗೆ ಬಂದು "ಮೌಲಾ, ಕಲ್ ಸೇ ಆಜಾ" ಎಂದು ಕೂಗಿದರು. ನಾಳೆಯಿಂದ ಬಾ. ಕ್ಷಮೆ ಅಂದರೆ ಅವರಲ್ಲಿ ಅಷ್ಟೇ.

ನಾಳೆಯವರೆಗೆ ಕಾಯಲು ಮೌಲಾಸಾಬ್ ಅಲ್ಲಿರಲಿಲ್ಲ. ಆಗಲೇ ಲಾಯದೊಳಗೆ ಹೋಗಿ ಮುನ್ನಿಯ ಬೆವರು ಒರೆಸುತ್ತಿದ್ದ. ನಾನು ಹೋಗಿ ನಿಂತೆ.  ಅವನೇ ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿ ಕೇಳಿದ.

"ಈಗರ ಬರೀತೀರೇನ್ರಿ?"

"ಏನು ಬರೀಲಿ?"

"ನನ್ನ ಹೆಸರ್ರಿ."

ಮೊದಲ ನಳಿಕೆಯ ಅಂಕಿಯ ಪಕ್ಕದಲ್ಲಿ ಬರೆದೆ: ಕುದುರೆ ಹಿಡಿದವರು, ಮೌಲಾಸಾಬ್. ಅವನಿಗೆ ಓದು ಬರುತ್ತಿರಲಿಲ್ಲ. ಬೆರಳಿಟ್ಟು "ಇದಾ?" ಎಂದ. ಹೌದು ಎಂದೆ. ಒದ್ದೆ ಬೆರಳು, ಮಸಿ ಸ್ವಲ್ಪ ಹರಡಿತು.

ಅವತ್ತು ಸಂಜೆ ಜೋಶಿ ಸರ್ ನನ್ನ ಕೆಂಪು ಪೆನ್ಸಿಲ್ ಕೇಳಿ ತೆಗೆದುಕೊಂಡು ಪ್ರಬಂಧದ ಒಂದೊಂದೇ ಹಾಳೆಗೆ ಉದ್ದ ಗೀಟು ಎಳೆದರು. ಮೂರನೇ ಸೀಸನ್ನಿನಿಂದ ಎಲ್ಲ ಮೊದಲಿನಿಂದ ಶುರು. ಕೋಟಿಲ್ಲ, ಕುಣಿಕೆಯಿಲ್ಲ, ರಕ್ತ ತೆಗೆಯುವ ಮೊದಲು ಹತ್ತು ದಿನ ಸುಮ್ಮನೆ ಲಾಯಕ್ಕೆ ಹೋಗಿ ನಿಂತು ಬರುವುದು. ಫಾರ್ಮಿನಲ್ಲಿ ನಾಲ್ಕನೇ ಕಾಲಂ ಬಂತು.

ಮುನ್ನಿ ಯಾಕೆ ಗೆಲ್ಲುತ್ತಿರಲಿಲ್ಲ ಎಂಬುದು ಮುಂದಿನ ವರ್ಷ ನಮ್ಮಲ್ಲಿಗೆ ಎಂಡೋಸ್ಕೋಪ್ ಬಂದಾಗ ತಿಳಿಯಿತು. ಮೂಗಿನಿಂದ ಸಣ್ಣ ಕೊಳವೆ ಇಳಿಸಿ ನೋಡಿದರೆ ಗಂಟಲಿನ ಒಂದು ಬದಿ ಪೂರ್ತಿ ತೆರೆಯುತ್ತಿರಲಿಲ್ಲ. ಜೋರಾಗಿ ಓಡುವಾಗ ಪಾಪ, ಉಸಿರು ಸಾಲುತ್ತಿರಲಿಲ್ಲ. ಮೌಲಾಸಾಬ್ "ಓಡುವಾಗ ಗೊರ್ ಅಂತಾಳ್ರಿ" ಎಂದು ಹೇಳಿಯೇ ಇದ್ದ. ಅದಕ್ಕೂ ನಮ್ಮ ಫಾರ್ಮಿನಲ್ಲಿ ಕಾಲಂ ಇರಲಿಲ್ಲ. ಮುನ್ನಿಯನ್ನು ಮೆರವಣಿಗೆಗೆ ಮಾರಲಿಲ್ಲ. ಮರಿ ಹಾಕಲು ಕುದುರೆ ಸಾಕುವ ಒಂದು ತೋಟಕ್ಕೆ ಕಳಿಸಿದರು.

ಆಮೇಲೆ ಎಷ್ಟೋ ಬಂದವು. ಕುದುರೆಯನ್ನು ನಿಂತಲ್ಲೇ ಓಡಿಸುವ ಟ್ರೆಡ್‌ಮಿಲ್, ತಂತಿಯಿಲ್ಲದ ಹೃದಯದ ಪಟ್ಟಿ, ಕಂಪ್ಯೂಟರ್. ಫಾರ್ಮನ್ನು ಕಂಪ್ಯೂಟರಿಗೆ ಹಾಕುವಾಗ ಬಂದ ಇಂಜಿನಿಯರ್ ನಾಲ್ಕನೇ ಕಾಲಂ ಅನವಶ್ಯಕ ಎಂದು ತೆಗೆದಿದ್ದ. ಅದನ್ನು ತುಂಬದೆ ಮುಂದಕ್ಕೆ ಹೋಗದಂತೆ ಮಾಡು ಎಂದು ಹೇಳಿ, ಮಾಡುವವರೆಗೆ ಅವನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ.

ನಾನು ನಿವೃತ್ತಳಾದ ಮರುವರ್ಷ ಮೌಲಾಸಾಬನ ಮಗಳು ಫೋನ್ ಮಾಡಿದಳು. ಕಣ್ಣಿನ ಆಪರೇಷನ್ನಿಗೆ ಅಪ್ಪನನ್ನು ಸೇರಿಸಿದ್ದಾರೆ, ಬಿಪಿ ಇಳಿಯುತ್ತಿಲ್ಲ, ಎರಡು ಸಲ ಮುಂದಕ್ಕೆ ಹಾಕಿದರು ಎಂದಳು. ಹೋದೆ. ಗಡ್ಡ ಪೂರ್ತಿ ಬಿಳಿ, ಮೆಹಂದಿಯಿಲ್ಲ. ಬಿಳಿ ಕೋಟಿನ ಡಾಕ್ಟರು, ಸ್ಪಿರಿಟ್ಟಿನ ವಾಸನೆ. ನರ್ಸ್ ತೋಳಿಗೆ ಪಟ್ಟಿ ಸುತ್ತಿದ ಕೂಡಲೇ ಅವನ ಕಣ್ಣು ಗೋಡೆಯ ಕಡೆ ಹೊರಳಿತು. ಆ ನೋಟ ನನಗೆ ಹೊಸದಲ್ಲ. ಅಂಕಿ ಮತ್ತೆ ಹೆಚ್ಚೇ ಬಂತು.

"ಒಂದು ಹತ್ತು ನಿಮಿಷ ಕೊಡಿ ಸಿಸ್ಟರ್," ಅಂದೆ. ಅವನ ಕೈ ಹಿಡಿದುಕೊಂಡು ಕೂತೆ. ಹಿಮಾಯತ್‌ನಗರದ ಟ್ರಾಫಿಕ್ಕು, ನನ್ನ ಮೊಣಕಾಲು ನೋವು, ಆಟೋದವನ ಜಗಳ, ಎಲ್ಲ ವರದಿ ಒಪ್ಪಿಸಿದೆ. ಹೇಳುವುದು ಮುಗಿದಾಗ, ಏನು ತೋಚಿತೋ, ತುಟಿ ಮುಂದೆ ಮಾಡಿ ಮೆಲ್ಲಗೆ ಸೀಟಿ ಊದಿದೆ.

ಮೌಲಾಸಾಬ್ ಕಣ್ಣು ಮುಚ್ಚಿಕೊಂಡೇ ನಕ್ಕ. ಹೊಟ್ಟೆ ಅಲುಗುವಂತೆ ನಕ್ಕ.

"ಅದು ಬ್ಯಾಡ್ರಿ ಬಾಯಾರ! ಹಾಸಿಗಿ ಆಸ್ಪತ್ರೀದು ಐತಿ!"

ನರ್ಸ್ ಮತ್ತೆ ನೋಡಿದಳು. ಇಳಿದಿತ್ತು. ಮಂಚದ ತುದಿಗೆ ಸಿಕ್ಕಿಸಿದ್ದ ಚಾರ್ಟಿನಲ್ಲಿ ಬರೆದು ಹೊರಟವಳಿಂದ ಪೆನ್ನು ಕೇಳಿ ತೆಗೆದುಕೊಂಡೆ. ಆ ಚಾರ್ಟಿನಲ್ಲಿ ನಾಲ್ಕನೇ ಕಾಲಂ ಇರಲಿಲ್ಲ. ಅಂಕಿಯ ಪಕ್ಕದ ಖಾಲಿ ಜಾಗದಲ್ಲಿ ಸಣ್ಣಗೆ ಬರೆದೆ: ಕೈ ಹಿಡಿದವರು, ವತ್ಸಲಾ.

"ಏನ್ ಬರದ್ರಿ?" ಎಂದ ಮೌಲಾಸಾಬ್. ಹೇಳಿದೆ. ನಾನು ಹತ್ತಿರ ತಂದ ಕಾಗದವನ್ನು ಕೈಯಿಂದ ತಡಕಿ, ಬೆರಳಿಟ್ಟು ಕೇಳಿದ:

"ಇದಾ?"